ಜಮಾದಾರ ಇಳಿದ ಬಾಗಿಲು

ರೈಲು ಹಳಿಯ ಮೇಲೆ ಓಡುತ್ತದೆ ಎಂದು ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ನಂಬಬೇಡಿ. ರೈಲು ಓಡುವುದು ಕೂಗಾಟದ ಮೇಲೆ. ಹಳಿ ಹಾಕಿರುವುದು ಆ ಕೂಗಾಟ ಅಕ್ಕಪಕ್ಕದ ಹೊಲಗಳಿಗೆ ಹರಿದು ಹೋಗದಿರಲಿ ಎಂದು. ಯಾದಗಿರಿಯಲ್ಲಿ ಮಾಲಿನ ಗುಮಾಸ್ತನಾಗಿ, ಅಂದರೆ ವ್ಯಾಗನ್ನಿಗೆ ಸರಕು ತುಂಬಿಸುವ, ವ್ಯಾಗನ್ನಿನಿಂದ ಇಳಿಸುವ, ಎರಡಕ್ಕೂ ಬೈಸಿಕೊಳ್ಳುವ ಹುದ್ದೆಯಲ್ಲಿ ಯೌವನ ಕಳೆದ ನಾನು ಇದನ್ನು ಅಧಿಕಾರಯುತವಾಗಿ ಹೇಳಬಲ್ಲೆ.

ಮೊಮ್ಮಗನ ಸ್ನೇಹಿತರಿಬ್ಬರು ರೈಲ್ವೆಗೆ ಆಯ್ಕೆಯಾಗಿ ಮನೆಗೆ ಬಂದಿದ್ದರು. "ಅಜ್ಜಾ, ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು, ಒಂದಿಷ್ಟು ಬರದ ಕೊಡ್ರಿ" ಎಂದರು. ಅದಕ್ಕಾಗಿ ಇದು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದವು, ತಡವಾಗಿ ಬಂದವು. ನಮ್ಮ ಇಲಾಖೆಯಲ್ಲಿ ಬೇರೇನಾದರೂ ಹೊತ್ತಿಗೆ ಸರಿಯಾಗಿ ಬಂದಿದ್ದರೆ ದೂರಬಹುದಿತ್ತು.

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಆಡಳಿತ ಮುಗಿದು ಹೈದರಾಬಾದು ಸಂಸ್ಥಾನ ಭಾರತದೊಳಗೆ ಸೇರಿದ ಹೊಸತರಲ್ಲಿ. ಎಲ್ಲರೂ ಒಂದಾಗಬೇಕಾದ ಕಾಲ. ಒಂದಾಗುವುದಕ್ಕಾಗಿ ದೇಶದ ಮೂಲೆಮೂಲೆಯಿಂದ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ಅಧಿಕಾರಿಗಳನ್ನು ಹೆಕ್ಕಿ ಹೆಕ್ಕಿ ನಮ್ಮಲ್ಲಿಗೆ ಕಳಿಸಿದರು. ಸ್ಟೇಷನ್ ಮಾಸ್ತರು ವರದಾಚಾರಿ, ತಮಿಳರು. ಗಾಡಿಗಳ ಗಾರ್ಡುಗಳು ಹೆಚ್ಚಿನವರು ಮರಾಠಿಯವರು. ಮುಂದಿನ ಜಂಕ್ಷನ್ನಿನ ಮಾಸ್ತರು ತೆಲುಗರು. ಹಳಿ ತಿರುಗಿಸುವ, ವ್ಯಾಗನ್ ಜೋಡಿಸುವ ಪಾಯಿಂಟ್ಸ್‌ಮನ್ ಮೌಲಾಸಾಬ ಯಾದಗಿರಿಯವನೇ, ಆದರೆ ದಖನಿ ಉರ್ದು ಬಿಟ್ಟು ಬೇರೆ ಮಾತು ಅವನ ಬಾಯಿಯಿಂದ ಬಂದರೆ ಅದು ಬೈಗುಳವೇ ಆಗಿರುತ್ತಿತ್ತು. ಸ್ಟೇಷನ್ನಿನ ಹೆಸರಿನ ಹಲಗೆಯ ಮೇಲೆ ಯಾವ ಲಿಪಿ ಮೇಲಿರಬೇಕು, ಯಾವುದು ಕೆಳಗಿರಬೇಕು ಎಂಬ ಬಗ್ಗೆ ಮೇಲಿನಿಂದ ಹುಕುಮಿನ ಮೇಲೆ ಹುಕುಂ ಬರುತ್ತಿತ್ತು. ಬಣ್ಣ ಬಳಿಯುವವನು ಏಣಿಯನ್ನು ಮನೆಗೆ ಒಯ್ಯುವುದನ್ನೇ ಬಿಟ್ಟ. ಆ ಹಲಗೆ ಪೂರ್ತಿ ಒಣಗಿದ್ದನ್ನು ನಾನಂತೂ ನೋಡಲಿಲ್ಲ.

ಈ ಗೊಂದಲದಲ್ಲಿ ನನ್ನದೊಂದು ದುರದೃಷ್ಟವಿತ್ತು. ನಾನು ಶಹಾಪುರದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಗುರುಮಠಕಲ್ಲಿನ ಸೋದರಮಾವನ ಮನೆಯಲ್ಲಿ ತೆಲುಗು, ನೌಕರಿಗೆಂದು ಇಂಗ್ಲಿಷು. ಇಷ್ಟು ಗೊತ್ತಾದದ್ದೇ ತಡ, ಯಾರೂ ನನ್ನನ್ನು ನೇಮಿಸದೆ, ಯಾರೂ ಸಂಬಳ ಕೊಡದೆ, ನಾನು ಸ್ಟೇಷನ್ನಿನ ತರ್ಜುಮೆದಾರನಾದೆ. ವ್ಯಾಗನ್ನು ತುಂಬುವ ಹೊತ್ತಿನಲ್ಲಿ "ಬಾಬೂ, ಇವರೇನಂತಾರ ಕೇಳ್ರಿ" ಎಂದು ಒಬ್ಬ ಎಳೆಯುವನು. ಕೇಳುತ್ತಿರುವಾಗ ಇನ್ನೊಬ್ಬ ಎಳೆಯುವನು.

ಹೊಸಬರಿಗೆ ಒಂದು ಗುಟ್ಟು ಹೇಳುತ್ತೇನೆ. ತರ್ಜುಮೆ ಎಂದರೆ ಆಡಿದ್ದನ್ನು ಆಡಿದ ಹಾಗೆ ದಾಟಿಸುವುದಲ್ಲ. ಹಾಗೆ ಮಾಡಿದ್ದರೆ ನಮ್ಮ ಸ್ಟೇಷನ್ನು ಒಂದು ವಾರ ಉಳಿಯುತ್ತಿರಲಿಲ್ಲ. ಒಂದು ಉದಾಹರಣೆ. ಮುದನಾಳದಿಂದ ವ್ಯಾಪಾರಿಗಳ ಕುರಿ ಹೊಡೆದುಕೊಂಡು ಬರುತ್ತಿದ್ದ ನಿಂಗಮ್ಮ ಒಮ್ಮೆ ಮಾಸ್ತರ ಕೋಣೆಯ ಬಾಗಿಲಲ್ಲಿ ನಿಂತು, "ಆ ಜುಟ್ಟಿನವನ ಕೇಳು, ಕುರಿಗಿ ನೀರ ಕುಡಸಾಕ ಬಿಡ್ತಾನೋ ಇಲ್ಲೋ? ಇವನ ಗಾಡಿ ಹಾಳ ಬಾವ್ಯಾಗ ಬೀಳ್ಲಿ" ಎಂದಳು.

"ಏನಂತಾಳೆ?" ಎಂದರು ಮಾಸ್ತರು, ಇಂಗ್ಲಿಷಿನಲ್ಲಿ.

"ಪಶುಗಳಿಗೆ ನೀರು ಕುಡಿಸಲು ತಮ್ಮ ಅಪ್ಪಣೆ ಕೋರುತ್ತಾಳೆ, ಸಾರ್."

"ಎಷ್ಟು ಮರ್ಯಾದಸ್ಥ ಹೆಂಗಸು! ಕುಡಿಸಲಿ. ಆದರೆ ಆ ನಾರುವ ಪ್ರಾಣಿಗಳು ನನ್ನ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟರೆ ಅವಳನ್ನೂ ಕೂಡಿಸಿ ಹೊರಗೆ ಹಾಕಿಸುತ್ತೇನೆ."

"ಮಾಸ್ತರು ಕುಡಸವ್ವ ಅಂತಾರ" ಎಂದೆ ನಾನು.

"ಮನಷ್ಯಾ ಚೊಲೋ ಅದಾನ" ಎಂದು ನಿಂಗಮ್ಮ ಹೊರಟುಹೋದಳು. ವರ್ಷಗಟ್ಟಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತಿದ್ದರು. ಆ ಗೌರವಕ್ಕೆ ನಾನು ಎಷ್ಟು ಬೆವರು ಹರಿಸಿದೆ ಎಂಬುದು ನನಗೊಬ್ಬನಿಗೇ ಗೊತ್ತು.

ಇನ್ನು ಜಮಾದಾರನ ವಿಷಯ.

ನಮ್ಮಲ್ಲಿಂದ ಮುಂಬೈ ಕಡೆಗೆ ಕುರಿಗಳ ವ್ಯಾಗನ್ನು ಹೋಗುತ್ತಿತ್ತು. ಕುರಿ ವ್ಯಾಪಾರಿಗಳದು, ತುಂಬಿಸುವ ಹೊಣೆ ನಮ್ಮದು. ಕುರಿಯನ್ನು ವ್ಯಾಗನ್ನಿಗೆ ಹತ್ತಿಸಿ ನೋಡಿದವರಿಗೆ ನಾನು ಹೇಳಬೇಕಾದದ್ದಿಲ್ಲ. ಹತ್ತಿಸದವರಿಗೆ ಹೇಳಿದರೂ ತಿಳಿಯುವುದಿಲ್ಲ. ಹಲಗೆ ಇಟ್ಟರೆ ಅದರ ಮುಂದೆ ಬಂದು ನಿಲ್ಲುತ್ತವೆ. ಹೊಡೆದರೆ ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸುತ್ತವೆ. ಎತ್ತಿ ಒಳಗೆ ಹಾಕಿದರೆ ಎರಡನೆಯದನ್ನು ಎತ್ತುವಷ್ಟರಲ್ಲಿ ಮೊದಲನೆಯದು ಕೆಳಗೆ ಹಾರಿ ಬಂದು ನಿಮ್ಮನ್ನೇ ನೋಡುತ್ತಿರುತ್ತದೆ. ಇದಕ್ಕೆ ನಿಂಗಮ್ಮನ ಹತ್ತಿರ ಒಂದು ಉಪಾಯವಿತ್ತು. ಅದರ ಹೆಸರೇ ಜಮಾದಾರ.

ಜಮಾದಾರ ಒಂದು ಹೋತ. ಕರಿಯ ಮೈ, ಹಿಂದಕ್ಕೆ ಬಾಗಿದ ಕೋಡು, ಎದೆಯವರೆಗೆ ಗಡ್ಡ, ಕೊರಳಲ್ಲಿ ಹಿತ್ತಾಳೆಯ ಗಂಟೆ. ಗಂಡ ತೀರಿಹೋದ ಮೇಲೆ ನಿಂಗಮ್ಮ ಇದ್ದ ಕುರಿಗಳನ್ನೆಲ್ಲ ಭಾವಮೈದುನರಿಗೆ ಬಿಟ್ಟುಕೊಟ್ಟು, ಆಗಿನ್ನೂ ಮರಿಯಾಗಿದ್ದ ಇದನ್ನೊಂದು ಇಟ್ಟುಕೊಂಡು, ಅಂಗೈಯಲ್ಲಿ ಜೋಳದ ನುಚ್ಚು ತಿನ್ನಿಸಿ ಈ ವಿದ್ಯೆ ಕಲಿಸಿದ್ದಳು. ವ್ಯಾಗನ್ನಿಗೆ ಎರಡು ಬಾಗಿಲು, ಈ ಕಡೆಗೊಂದು, ಆ ಕಡೆಗೊಂದು. ಜಮಾದಾರ ಗಂಟೆ ಬಾರಿಸುತ್ತ ಈ ಕಡೆಯ ಹಲಗೆ ಹತ್ತಿ ಒಳಗೆ ನಡೆಯುವನು. ಕುರಿಗಳೆಲ್ಲ ಅವನ ಹಿಂದೆ. ನಿಂಗಮ್ಮ ಆ ಕಡೆಯ ಬಾಗಿಲ ಹೊರಗೆ ಶೇಂಗಾ ಬಳ್ಳಿ ಹಿಡಿದು ನಿಂತು ನಾಲಿಗೆ ಹೊರಳಿಸಿ ಒಂದು ಕೂಗು ಹಾಕುವಳು. ಜಮಾದಾರ ಆ ಬಾಗಿಲ ಸಂದಿನಿಂದ ಹೊರಗೆ ಹಾರುವನು. ಮೌಲಾಸಾಬ ತಟ್ಟನೆ ಬಾಗಿಲೆಳೆಯುವನು. ಕುರಿಗಳು ಒಳಗೆ, ಜಮಾದಾರ ಹೊರಗೆ. ಇಷ್ಟೇ. ಒಂದು ವ್ಯಾಗನ್ನು ತುಂಬಿಸಿದರೆ ವ್ಯಾಪಾರಿಗಳು ಸೇರು ಲೆಕ್ಕದಲ್ಲಿ ಜೋಳ ಅಳೆದು ಕೊಡುತ್ತಿದ್ದರು. ಅದೇ ಅವಳ ಸಂಸಾರ.

ಸಂಸ್ಥಾನದ ಕಾಲದಲ್ಲಿ ಹೊರಗಿನಿಂದ ಬಂದ ಸರಕಿಗೆ ಸುಂಕ ಹಾಕುತ್ತಿದ್ದ ಕರೋಡಗಿರಿ ನಾಕಾ ಸ್ಟೇಷನ್ನಿನ ಪಕ್ಕದಲ್ಲಿತ್ತು. ವಿಲೀನವಾದ ಮೇಲೆ ಆ ಸುಂಕ ಹೋಯಿತು, ನಾಕಾದ ಗುಡಿಸಲು ಖಾಲಿ ಉಳಿಯಿತು. ಕುರಿ ತುಂಬುವ ದಿನ ಜಮಾದಾರನನ್ನು ಕಟ್ಟುತ್ತಿದ್ದುದು ಅಲ್ಲಿಯೇ. ಜಾಗೀರುಗಳು ಹೋದವು, ಬಿರುದುಗಳು ಹೋದವು, ಪೇಟ ಕಟ್ಟಿಕೊಂಡು ಬರುತ್ತಿದ್ದವರು ಟೋಪಿ ಹಾಕಿಕೊಂಡು ಬರತೊಡಗಿದರು. ಹಳೆಯ ಸರ್ಕಾರದ ಗತ್ತನ್ನು ಹಾಗೆಯೇ ಉಳಿಸಿಕೊಂಡು ಹಳೆಯ ಸರ್ಕಾರದ ಕಟ್ಟಡದಲ್ಲೇ ಕೂತವನು ಜಮಾದಾರನೊಬ್ಬನೇ. ಮೌಲಾಸಾಬ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದ.

ಹೀಗೆ ನಡೆದು ಹೋಗುತ್ತಿದ್ದಲ್ಲಿಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು.

ಸಾಹೇಬರು ಉತ್ತರದ ಕಡೆಯ ತರುಣರು. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರನ್ನು ಸಂಭಾಳಿಸುವುದು ನಮಗೆ ಅಭ್ಯಾಸವಿತ್ತು, ಇವರು ಪ್ರಾಮಾಣಿಕರು, ಅದೇ ಕಷ್ಟವಾಯಿತು. ಹಿಂದೆ ಕೆಲಸ ಮಾಡಿದ ಕಡೆ ಒಬ್ಬ ಹಮಾಲ ವ್ಯಾಗನ್ನಿನ ಆ ಕಡೆಯ ಬಾಗಿಲಿನಿಂದ ಇಳಿದು ಇನ್ನೊಂದು ಗಾಡಿಗೆ ಸಿಕ್ಕಿಕೊಂಡದ್ದನ್ನು ಅವರು ಕಣ್ಣಾರೆ ನೋಡಿದ್ದರಂತೆ. ಅಂದಿನಿಂದ ಅವರಿಗೆ ಆ ಕಡೆಯ ಬಾಗಿಲೆಂದರೆ ಆಗದು. ಬಂದ ದಿನವೇ ಹುಕುಂ ಆಯಿತು. ಪ್ಲಾಟ್‌ಫಾರ್ಮ್ ಇಲ್ಲದ ಕಡೆಯ ಬಾಗಿಲನ್ನು ಯಾರೂ, ಯಾವ ಕಾರಣಕ್ಕೂ, ತೆರೆಯತಕ್ಕದ್ದಲ್ಲ. ಮೌಲಾಸಾಬನಿಂದ ಎಲ್ಲ ವ್ಯಾಗನ್ನುಗಳ ಆ ಕಡೆಯ ಕೊಂಡಿಗೆ ತಂತಿ ಬಿಗಿಸಿದರು.

"ಸಾರ್, ಕುರಿ?" ಎಂದೆ.

"ಕುರಿಗಳೂ ಈ ಕಡೆಯಿಂದಲೇ ಹತ್ತುತ್ತವಲ್ಲ?"

"ಕುರಿಗಳು ಹತ್ತುತ್ತವೆ. ಹೋತ ಆ ಕಡೆ ಇಳಿಯುತ್ತದೆ."

ಸಾಹೇಬರು ನನ್ನನ್ನು ಮರುಕದಿಂದ ನೋಡಿದರು. "ಗುಮಾಸ್ತರೇ, ರೈಲ್ವೆಯನ್ನು ಹೋತದ ಅನುಕೂಲಕ್ಕೆ ಕಟ್ಟಿಲ್ಲ."

ಅದು ಸರಿಯೇ. ಮನುಷ್ಯರ ಅನುಕೂಲಕ್ಕೆ ಕಟ್ಟಿದ್ದಾರೆಂದೂ ನನಗೆ ಅನ್ನಿಸಿರಲಿಲ್ಲ, ಆದರೆ ಹಾಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಕುರಿಗಳು ಬಂದವು. ಸಾಹೇಬರು ಸ್ವತಃ ನಿಂತು ನೋಡುತ್ತೇವೆ ಎಂದರು. ನಿಂಗಮ್ಮನಿಗೆ ನಾನು ಹೊಸ ಹುಕುಮನ್ನು ತಿಳಿಸಿದೆ. ಅವಳು ತಂತಿ ಬಿಗಿದ ಬಾಗಿಲನ್ನು ಒಮ್ಮೆ, ಸಾಹೇಬರನ್ನು ಒಮ್ಮೆ ನೋಡಿ, "ಹಂಗಾರ ಅಂವ ಹೊಳ್ಳಿ ಹ್ಯಾಂಗ ಬರಬೇಕಂತ? ರೆಕ್ಕಿ ಹಚ್ಚಿ ಕೊಡ್ತಾರೇನು?" ಎಂದಳು.

"ಹೋತವನ್ನು ಹೊರಗೆ ತರುವ ಕ್ರಮದ ಬಗ್ಗೆ ತಮ್ಮ ಸಲಹೆ ಕೇಳುತ್ತಾಳೆ" ಎಂದೆ.

"ಹತ್ತಿದ ಬಾಗಿಲಿನಿಂದಲೇ ಇಳಿಯಲಿ" ಎಂದರು ಸಾಹೇಬರು.

ಹತ್ತಿದ ಬಾಗಿಲಿನಿಂದಲೇ ಇಳಿದ. ಹೇಗೆ ಇಳಿದನೆಂದು ಹೇಳುತ್ತೇನೆ. ಜಮಾದಾರ ಎಂದಿನಂತೆ ಗಂಟೆ ಬಾರಿಸುತ್ತ ಹತ್ತಿದ, ಕುರಿಗಳು ಸಾಲಾಗಿ ಹಿಂದೆ ಹೋದವು. ಅವನು ಎದುರಿನ ಬಾಗಿಲಿಗೆ ಹೋಗಿ ನಿಂತ. ಮುಚ್ಚಿತ್ತು. ಕೋಡಿನಿಂದ ತಟ್ಟಿದ. ಆಮೇಲೆ ಕತ್ತು ತಿರುಗಿಸಿ ನಮ್ಮನ್ನು ನೋಡಿದ. ಅಂಥ ನೋಟವನ್ನು ನಾನು ಮುಂದೆ ಪಿಂಚಣಿ ಕಚೇರಿಯ ಮುಂದಿನ ಬೆಂಚಿನ ಮೇಲೆ ಕೂತವರಲ್ಲಿ ಮಾತ್ರ ಕಂಡಿದ್ದೇನೆ. ನೋಡಿದವನು ತಿರುಗಿ, ಕುರಿಗಳ ನಡುವೆ ದಾರಿ ಮಾಡಿಕೊಂಡು, ಹಲಗೆಯ ಮೇಲೆ ಗಂಭೀರವಾಗಿ ಇಳಿದು ಬಂದ. ಅವನ ಹಿಂದೆ, ಹತ್ತಿದ ಶಿಸ್ತಿನಲ್ಲೇ, ಎಲ್ಲ ಕುರಿಗಳೂ ಇಳಿದು ಬಂದವು.

"ಇವು ಯಾಕೆ ಇಳಿದವು?" ಎಂದರು ಸಾಹೇಬರು.

ಕೇಳಿದೆ. "ಅಂವ ಇಳದ, ಅವು ಇಳದ್ವು. ಇದರಾಗ ಕೇಳೂದೇನದ? ಈ ತಲಿ ಹೊತ್ಕೊಂಡು ಇಷ್ಟು ದೂರ ಯಾಕ ಬಂದಾನ ಕೇಳು" ಎಂದಳು ನಿಂಗಮ್ಮ.

"ಅದು ಪಶುಗಳ ಸ್ವಭಾವವೆಂದು ತಿಳಿಸುತ್ತಾಳೆ" ಎಂದೆ.

ಮತ್ತೆ ಹತ್ತಿಸಿದೆವು. ಈ ಸಲ ಮೌಲಾಸಾಬ ಮೊದಲೇ ವ್ಯಾಗನ್ನಿನೊಳಗೆ ಹೋಗಿ ನಿಂತ. ಜಮಾದಾರ ಬಂದ ಕೂಡಲೇ ಎತ್ತಿ, ಕುರಿಗಳ ತಲೆಯ ಮೇಲಿನಿಂದ ನನ್ನ ಕೈಗೆ ದಾಟಿಸುವುದು ಎಂದು ಉಪಾಯ. ಕುರಿಗಳು ನುಗ್ಗಿದ ರಭಸಕ್ಕೆ ಮೌಲಾಸಾಬ ಗೋಡೆಗೆ ಅಂಟಿಕೊಂಡ. ಸ್ವಲ್ಪ ಹೊತ್ತು ಅವನ ಬೈಗುಳ ಮಾತ್ರ ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ಈ ವ್ಯಾಗನ್ನನ್ನು ಒಯ್ಯಬೇಕಾದ ಮಾಲಗಾಡಿ ಬಂದು ನಿಂತು, ಅದರ ಗಾರ್ಡು ಹಸಿರು ಬಾವುಟ ಬೀಸುತ್ತ "ಅರೇ, ಗಾಡಿ ಸೋಡಾ! ಗಾಡಿ ಸೋಡಾ!" ಎಂದು, ಗಾಡಿ ಬಿಡಿರೆಂದು ಮರಾಠಿಯಲ್ಲಿ ಅರಚತೊಡಗಿದ. ಮೌಲಾಸಾಬ ಕುರಿಗಳ ಬೆನ್ನ ಮೇಲೆ ಈಜಿದಂತೆ ಹೊರಗೆ ಬಂದು ಬಿದ್ದ. ತಲೆಯ ಮೇಲೆ ರುಮಾಲು ಇರಲಿಲ್ಲ, ಕೈಯಲ್ಲಿ ಹೋತ ಇರಲಿಲ್ಲ.

"ಬಾಬು ಸಾಬ್, ಜಮಾದಾರ್ ಅಂದರಿಚ್ ರಹ ಗಯೇ!" ಎಂದ. ಒಳಗೇ ಉಳಿದುಬಿಟ್ಟರು ಎಂದು.

"ಬಾಗಿಲು ಹಾಕಿ" ಎಂದರು ಸಾಹೇಬರು.

"ಸಾರ್, ಹೋತ ಮಾರಿದ್ದಲ್ಲ, ಅದು ನಮ್ಮ..." ನಮ್ಮ ಏನು ಎಂದು ಹೇಳಬೇಕೋ ತಿಳಿಯಲಿಲ್ಲ. ಸಿಬ್ಬಂದಿ ಎಂದರೆ ನಂಬುವವರಲ್ಲ.

"ತುಂಬಿದ ಪಶುವನ್ನು ಕಳಿಸುವವರ ಅರ್ಜಿಯಿಲ್ಲದೆ ಇಳಿಸುವಂತಿಲ್ಲ. ಮೇಲಾಗಿ ಗಾಡಿ ತಡವಾಗುತ್ತಿದೆ. ಬಾಗಿಲು ಹಾಕಿ."

ಹಾಕಿದರು. ವ್ಯಾಗನ್ನು ಜೋಡಿಸಿದರು. ಈ ಗಲಾಟೆಯಲ್ಲಿ ನಿಂಗಮ್ಮ ಎಲ್ಲಿ ಎಂದು ಯಾರೂ ನೋಡಿರಲಿಲ್ಲ. ಗಾಡಿ ಸರಿಯತೊಡಗಿದಾಗ ವ್ಯಾಗನ್ನುಗಳ ಸಂದಿನಲ್ಲಿ ಕಂಡಳು. ಹಳಿಯ ಆ ಕಡೆ, ತಂತಿ ಬಿಗಿದ ಬಾಗಿಲು ಇದ್ದ ಜಾಗದಲ್ಲಿ, ಕೈಯಲ್ಲಿ ಶೇಂಗಾ ಬಳ್ಳಿ ಹಿಡಿದು, ದಿನವೂ ನಿಲ್ಲುವ ಹಾಗೆಯೇ ನಿಂತಿದ್ದಳು. ಬಾಗಿಲು ತೆರೆಯುವುದಿಲ್ಲವೆಂದು ಗೊತ್ತಿದ್ದರೂ ಅವಳು ಬೇರೆಲ್ಲಿ ನಿಲ್ಲಬೇಕು? ಹಲಗೆಯ ಸಂದಿನಿಂದ ಗಂಟೆಯ ಸದ್ದು ಕೇಳುತ್ತಿತ್ತು. ಗಾಡಿಯ ಜೊತೆಗೆ ಸ್ವಲ್ಪ ದೂರ ನಡೆದಳು. ಆಮೇಲೆ ಗಾಡಿ ಅವಳಿಗಿಂತ ಜೋರಾಗಿ ಹೋಯಿತು.

ಸಾಹೇಬರು, ನಾಳೆ ಬಂದು ಈ ತುಂಬುವ ಪದ್ಧತಿಯ ಬಗ್ಗೆ ವಿಚಾರಣೆ ಮಾಡುತ್ತೇವೆ ಎಂದು ಹೇಳಿ ಹಳಿಯ ಮೇಲೆ ತಳ್ಳುವ ಟ್ರಾಲಿ ಹತ್ತಿ ಹೋದರು. ನಿಂಗಮ್ಮ ಬಂದು ಮಾಸ್ತರ ಕೋಣೆಯ ಹೊಸ್ತಿಲ ಮೇಲೆ ಕೂತಳು. ಅವಳು ಕೂತದ್ದೇ ತಡ, ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ.

"ನನ್ನ ಜಮಾದಾರನ್ನ ಕೊಡ್ರಿ" ಎಂದಳು. "ಮುಂಬೈಯಾಗ ಕಟುಗರು ಯಾವದು ಕುರಿ, ಯಾವದು ಹೋತ ಕೇಳೂದಿಲ್ಲ. ಗಾಡಿ ಮುಂಬೈ ಮುಟ್ಟಿದ್ರ ಅಂವ ಮುಗದ. ಅಂವ ಮುಗದ್ರ ನಾನೂ ಮುಗದೆ."

ನಾನು ತರ್ಜುಮೆ ಮಾಡಲು ಬಾಯಿ ತೆರೆದೆ. ಮಾಸ್ತರು ಕೈ ಎತ್ತಿ ತಡೆದರು. "ಇದು ನನಗೆ ತಿಳಿಯಿತು" ಎಂದರು.

ವರದಾಚಾರಿ ಮಾಸ್ತರು ನಿಯಮದ ಮನುಷ್ಯ. ಹಣೆಯ ಮೇಲಿನ ನಾಮ ಕೂಡ ಸಿಗ್ನಲ್ ಕಂಬದ ಹಾಗೆ ನೆಟ್ಟಗಿರುತ್ತಿತ್ತು. ಅವರು ಎದ್ದು ಕಂಟ್ರೋಲ್ ಫೋನಿನ ಹತ್ತಿರ ಹೋದರು. ಈ ಫೋನಿನ ವಿಶೇಷ ಈಗಿನವರಿಗೆ ಗೊತ್ತಿರಲಾರದು. ಒಂದೇ ತಂತಿ, ಅದರ ಮೇಲೆ ಆ ಭಾಗದ ಎಲ್ಲ ಸ್ಟೇಷನ್ನುಗಳು. ಒಬ್ಬರು ಮಾತಾಡಿದರೆ ಉಳಿದವರೆಲ್ಲ ಕಿವಿಗಿಟ್ಟುಕೊಂಡು ಕೇಳಬಹುದಿತ್ತು, ಕೇಳುತ್ತಲೂ ಇದ್ದರು. ಗಾಡಿಗಳ ಓಡಾಟದ್ದು ಬಿಟ್ಟು ಬೇರೆ ಮಾತು ಅದರಲ್ಲಿ ನಿಷಿದ್ಧ. ಮಾಸ್ತರು ಜಂಕ್ಷನ್ನಿನ ಮಾಸ್ತರನ್ನು ಕರೆದು, ಇಂಥ ಮಾಲಗಾಡಿ ಬಂದಾಗ ಕುರಿ ವ್ಯಾಗನ್ನಿನಿಂದ ಒಬ್ಬ "ಸಿಬ್ಬಂದಿ"ಯನ್ನು ಇಳಿಸಿಕೊಳ್ಳಬೇಕೆಂದು ಹೇಳಿದರು. ನಾನು ಹೇಳಲು ಹೆದರಿದ ಶಬ್ದವನ್ನು ಅವರು ನಿರ್ವಿಕಾರವಾಗಿ ಹೇಳಿದರು.

ಗಾಡಿ ಜಂಕ್ಷನ್ ಮುಟ್ಟಿದ ಮೇಲೆ ಅಲ್ಲಿಂದ ಫೋನು ಬಂತು. ಜಂಕ್ಷನ್ನಿನ ಮಾಸ್ತರು ದಣಿದಿದ್ದರು. "ಏಮಂಡೀ, ಇದು ಮೇಕೆಯೋ, ಪೊಲೀಸ್ ಪಟೇಲನೋ? ಬಾಗಿಲು ತೆರೆದರೆ ಆ ಮೂಲೆಗೆ ಹೋಗಿ ನಿಂತಿದೆ. ಹಿಡಿಯಲು ಹೋದ ನನ್ನ ಹಮಾಲ ಹಾಯಿಸಿಕೊಂಡು ಕೂತಿದ್ದಾನೆ. ಏನು ಕರೆದರೂ ಬರುವುದಿಲ್ಲ."

ನಾನು ನಿಂಗಮ್ಮನಿಗೆ ಹೇಳಿದೆ. "ಹ್ಯಾಂಗ ಬರ್ತಾನ? ನಾ ಕರದ್ರ ಬರ್ತಾನ" ಎಂದಳು. ಎದ್ದು ಬಂದು ಫೋನನ್ನು ನೋಡಿದಳು. "ಇದರಾಗ ಒದರಿದ್ರ ಅವಗ ಕೇಳ್ತದೇನು?"

"ಅವಗ ಕೇಳೂದಿಲ್ಲ. ಅಲ್ಲೀ ಮಾಸ್ತರಗ ಕೇಳ್ತದ. ಅವರು ಹೋಗಿ ಅವನ ಮುಂದ ಒದರ್ತಾರ."

"ಮಾಸ್ತರು ಒದರ್ತಾರೇನು?" ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಬಂದಿರಲಿಲ್ಲ.

ನಿಂಗಮ್ಮ ಸೆರಗು ಸರಿಮಾಡಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಹತ್ತಿರ ತಂದು ಕೂಗಿದಳು. "ಹುರ್ರ್ರ್ರ್... ಹೋಯ್... ಬಾ ಬಾ ಬಾ ಬಾ... ಹುರ್ರ್ರ್ರ್!" ಕೋಣೆಯ ಗಡಿಯಾರದ ಗಾಜು ನಡುಗಿತು. ಸಿಗ್ನಲ್ಲು, ಹಳಿ, ಗಾಡಿ ಎಂಬ ಮಾತುಗಳನ್ನಷ್ಟೇ ಕೇಳಿದ್ದ ಆ ತಂತಿಯ ಮೇಲೆ, ಸ್ಟೇಷನ್ನಿನಿಂದ ಸ್ಟೇಷನ್ನಿಗೆ, ಆ ಕೂಗು ಹೋಯಿತು. ಕೊನೆಗೆ ಜಂಕ್ಷನ್ನಿನ ಮಾಸ್ತರು ಮೆಲ್ಲಗೆ ಕೇಳಿದರು: "ಇದಿ ಏ ಭಾಷ ಅಂಡೀ?" ಇದು ಯಾವ ಭಾಷೆ ಎಂದು.

ನನ್ನ ನೌಕರಿಯಲ್ಲಿ ತರ್ಜುಮೆ ಬೇಡದೆ ದಾಟಿಹೋದ ಮಾತು ಅದೊಂದೇ.

ಜಂಕ್ಷನ್ನಿನ ಮಾಸ್ತರು ದೊಡ್ಡ ಮನುಷ್ಯರು. ಇನ್ನೊಮ್ಮೆ ಕೂಗಿಸಿ ಕೇಳಿಕೊಂಡರು, ತಾವೊಮ್ಮೆ ಫೋನಿನಲ್ಲೇ ಕೂಗಿ ಒಪ್ಪಿಸಿದರು, ನಿಂಗಮ್ಮ "ನಾಲಿಗಿ ಇನ್ನಷ್ಟು ಹೊಳ್ಳಬೇಕು" ಎಂದು ತಿದ್ದಿದಳು. ಆಮೇಲೆ ಕೋಟು ತೊಟ್ಟು ಟೋಪಿ ಹಾಕಿಕೊಂಡು ವ್ಯಾಗನ್ನಿನ ಮುಂದೆ ಹೋಗಿ, ತಮ್ಮ ಸಿಬ್ಬಂದಿಯ ಎದುರಿಗೆ, ಹಾಗೆಯೇ ಕೂಗಿದರಂತೆ. ಜಮಾದಾರ ಇಳಿದು ಬಂದ.

ಅವನ ಹಿಂದೆ ಎಲ್ಲ ಕುರಿಗಳೂ ಇಳಿದು ಬಂದವು.

ಮತ್ತೆ ಫೋನು. ಈ ಸಲ ಜಂಕ್ಷನ್ನಿನ ಮಾಸ್ತರ ದನಿಯಲ್ಲಿ ಅಳು ಇತ್ತು. ಕುರಿಗಳು ಪ್ಲಾಟ್‌ಫಾರ್ಮಿನ ತುಂಬ ಹರಡಿದ್ದವು. ಕೆಲವು ಮೊದಲ ದರ್ಜೆಯವರ ವಿಶ್ರಾಂತಿ ಕೋಣೆಯಲ್ಲಿ ವಿಶ್ರಮಿಸುತ್ತಿದ್ದವು. ವ್ಯಾಗನ್ನನ್ನು ಬಿಟ್ಟು ಮಾಲಗಾಡಿ ಮುಂದೆ ಹೋಗಿತ್ತು. "ದಯವಿಟ್ಟು ಆ ಅಮ್ಮನನ್ನು ಕಳಿಸಿ. ಅವರು ಬಾರದೆ ಇವು ಹತ್ತುವುದಿಲ್ಲ. ಹೋತವನ್ನು ಅವರೇ ಕರೆದುಕೊಂಡು ಹೋಗಲಿ."

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡೆ. ನಿಂಗಮ್ಮ ಒಪ್ಪಲಿಲ್ಲ. "ನಾ ಗಾಡಿ ಹತ್ತಂಗಿಲ್ಲ" ಎಂದಳು.

"ಯಾಕವ್ವಾ? ಜಮಾದಾರ ಬೇಡೇನು ನಿನಗ?"

"ಬೇಕು. ಆದರ ಗಾಡಿ ಹತ್ತಂಗಿಲ್ಲ. ಎಷ್ಟು ವರ್ಷಾತು ಇಲ್ಲಿ ನಿಂತು ಹತ್ತಸಾಕತ್ತೇನಿ? ಹತ್ತಿದ್ದು ಒಂದರ ಹೊಳ್ಳಿ ಬಂದದ್ದು ನಾ ನೋಡಿಲ್ಲ."

ಮನುಷ್ಯರು ಹೋಗಿ ಬರುತ್ತಾರೆ ಎಂದೆ. "ಅವರು ಬ್ಯಾರೆ, ಅವರಿಗಿ ಚೀಟಿ ಕೊಡ್ತೀರಿ" ಎಂದಳು. ನಿನಗೂ ಕೊಡುತ್ತೇವೆ ಎಂದೆ. "ಕುರಿಗಿ ಚೀಟಿ ಬರಿಯೂದಿಲ್ಲೇನು ನೀ?" ಎಂದಳು. ನಾನು ಬರೆಯುತ್ತಿದ್ದೆ.

ಆಗ ಮೌಲಾಸಾಬ, ಹೊಸ ರುಮಾಲು ಸುತ್ತಿಕೊಳ್ಳುತ್ತ, ಒಂದು ಮಾತು ಹೇಳಿದ. ದಖನಿಯಲ್ಲಲ್ಲ, ಕನ್ನಡದಲ್ಲಿ, ಬೈಗುಳವಿಲ್ಲದೆ. "ಅಕ್ಕಾ, ಮಂದಿ ಡಬ್ಬಿಗಿ ಎರಡೂ ಕಡಿ ಬಾಗಲಾ ಅದಾವ. ಯಾವದಕ್ಕೂ ತಂತಿ ಬಿಗಿದಿಲ್ಲ. ನಾ ಬರ್ತೀನಿ ನಿನ್ನ ಜೋಡಿ."

ಪ್ಯಾಸೆಂಜರ್ ಗಾಡಿ ಬಂದಾಗ ನಿಂಗಮ್ಮ ಮೊದಲು ಪರೀಕ್ಷೆ ಮಾಡಿದಳು. ಈ ಕಡೆಯ ಬಾಗಿಲಿನಿಂದ ಹತ್ತಿ, ಕೂತವರ ಕಾಲು ದಾಟಿ, ಆ ಕಡೆಯ ಬಾಗಿಲು ತೆರೆದು ಇಳಿದಳು. ಹಾಕಿ ನೋಡಿದಳು, ತೆಗೆದು ನೋಡಿದಳು. ಮತ್ತೆ ಹತ್ತಿ, ಆ ಕಡೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮಾಸ್ತರು ಅಷ್ಟು ಹೊತ್ತೂ ಗಾಡಿಯನ್ನು ಬಿಡಲಿಲ್ಲ. ಗಾರ್ಡು ಏನು ವಿಳಂಬ ಎಂದು ಕೇಳಿದಾಗ "ತಾಂತ್ರಿಕ ತಪಾಸಣೆ" ಎಂದರು.

ಜಂಕ್ಷನ್ನಿನಲ್ಲಿ ಹುಕುಂ ಹೊರಡಿಸುವ ಸಾಹೇಬರಿರಲಿಲ್ಲ. ಆ ಕಡೆಯ ತಂತಿ ಬಿಚ್ಚಿದರು, ಎರಡೂ ಬಾಗಿಲು ತೆರೆದರು, ನಿಂಗಮ್ಮ ಆ ಕಡೆ ನಿಂತು ಕೂಗಿದಳು. ಜಮಾದಾರ ಈ ಕಡೆ ಹತ್ತಿ ಆ ಕಡೆ ಇಳಿದ. ಕುರಿಗಳು ಉಳಿದವು. ಇಡೀ ಕೆಲಸ ಮುಗಿಯುವಷ್ಟರಲ್ಲಿ ಚಹಾ ಆರಿರಲಿಲ್ಲವೆಂದು ಮೌಲಾಸಾಬ ಹೇಳಿದ.

ಮರುದಿನ ಮಧ್ಯಾಹ್ನ ಸಾಹೇಬರು ವಿಚಾರಣೆಗೆ ಬಂದರು. ಪ್ಲಾಟ್‌ಫಾರ್ಮಿನ ಮೇಲೆ ಕುರ್ಚಿ ಹಾಕಿಸಿದರು. ಅವರ ಬಲಕ್ಕೆ ಮಾಸ್ತರು, ಎಡಕ್ಕೆ ತರ್ಜುಮೆಗೆ ನಾನು. ಜಂಕ್ಷನ್ನಿನಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಆ ಹೆಂಗಸು ಬಂದ ಕೂಡಲೇ ಪ್ರಶ್ನೆಗಳು ಶುರುವಾಗಬೇಕಿತ್ತು.

ಗಾಡಿ ಬಂದು ನಿಂತಿತು. ಯಾರೂ ಇಳಿಯಲಿಲ್ಲ.

ಅದು ಸುರಪುರದ ಸಂತೆಯ ಮುನ್ನಾದಿನ. ಶಹಾಪುರ, ಸುರಪುರ, ರಂಗಂಪೇಟೆಯ ಕಡೆಗೆ ಮೋಟಾರು ಹಿಡಿಯುವವರಿಂದ ಗಾಡಿ ಕಿಕ್ಕಿರಿದಿರಬೇಕಿತ್ತು. ಬಾಗಿಲುಗಳಲ್ಲಿ ಒಂದು ತಲೆಯೂ ಕಾಣಲಿಲ್ಲ. ಸಾಹೇಬರು ನನ್ನನ್ನು ನೋಡಿದರು. ನಾನು ಮಾಸ್ತರನ್ನು ನೋಡಿದೆ. ಆಗ ಎಲ್ಲಿಂದಲೋ ಗಂಟೆಯ ಸದ್ದು ಬಂತು. ಬಗ್ಗಿ ನೋಡಿದರೆ ಡಬ್ಬಿಗಳ ಕೆಳಗೆ, ಗಾಲಿಗಳ ನಡುವೆ, ಹಳಿಯ ಆ ಕಡೆ ಕಾಲುಗಳು. ನಾಲ್ಕು ಕಪ್ಪು ಕಾಲುಗಳ ಹಿಂದೆ ಬಳೆಯಂಥ ಕಡಗದ ಕಾಲುಗಳು, ಅವುಗಳ ಹಿಂದೆ ಮೌಲಾಸಾಬನ ಸರ್ಕಾರಿ ಬೂಟು, ಬೂಟಿನ ಹಿಂದೆ ಲೆಕ್ಕವಿಲ್ಲದಷ್ಟು ಚಪ್ಪಲಿಗಳು, ಬರಿಗಾಲುಗಳು.

ಆದದ್ದು ಇಷ್ಟು. ಜಮಾದಾರ ತನ್ನ ಅಭ್ಯಾಸದಂತೆ ಆ ಕಡೆ ಇಳಿದ. ನಿಂಗಮ್ಮ ಅವನ ಹಿಂದೆ ಇಳಿದಳು. ರೈಲ್ವೆಯ ಬಿಲ್ಲೆ ಹಾಕಿಕೊಂಡ ಮೌಲಾಸಾಬನೇ ಆ ಕಡೆ ಇಳಿದದ್ದನ್ನು ಪ್ರಯಾಣಿಕರು ನೋಡಿದರು. ಆ ವರ್ಷಗಳಲ್ಲಿ ದಿನಕ್ಕೊಂದು ಹೊಸ ಹುಕುಂ ಬರುತ್ತಿತ್ತಲ್ಲ. ನಾಣ್ಯ ಬದಲಾಗಿತ್ತು, ತೂಕ ಬದಲಾಗಿತ್ತು, ಕಚೇರಿಯ ಭಾಷೆ ಬದಲಾಗಿತ್ತು. ಇಳಿಯುವ ಕಡೆಯೂ ಬದಲಾಗಿರಬೇಕೆಂದು ಅವರು ತಿಳಿದರು. ಕೊಂಕಲ್ಲಿನ ಒಬ್ಬ ಮುದುಕ ತನ್ನ ಗಂಟು ಕೆಳಗೆ ಎಸೆಯುತ್ತ, "ಇಳೀರಿ, ಇಳೀರಿ, ಹೊಸಾ ಸರಕಾರ ಅದ, ಇವತ್ತಿಂದ ಈ ಕಡಿನೇ ಇಳೀಬೇಕಂತ" ಎಂದು ಎಲ್ಲರಿಗೂ ಹೇಳುತ್ತಿದ್ದ. ಆ ಕಡೆಯ ಹಳಿಯ ಮೇಲೆ ಆ ಹೊತ್ತಿಗೆ ಬರುವ ಗಾಡಿ ಯಾವುದೂ ಇರಲಿಲ್ಲ, ಅದೊಂದು ಪುಣ್ಯ.

ಸಾಹೇಬರು ಎದ್ದರು. "ಆ ಹೆಂಗಸನ್ನು ಕರೆಯಿರಿ" ಎಂದು ಕೂಗಿದರು. ಗಾಡಿಯ ಆ ಕಡೆಗೆ ಇವರ ಕೂಗು ಯಾರಿಗೆ ಕೇಳಬೇಕು? ನಿಂಗಮ್ಮ ಜಮಾದಾರನ ಕಿವಿ ಹಿಡಿದುಕೊಂಡು ನಾಕಾದ ಕಡೆ ನಡೆಯತೊಡಗಿದ್ದಳು. ಮೇಲುಸೇತುವೆ ನಮ್ಮಲ್ಲಿ ಆಗ ಇರಲಿಲ್ಲ. ಗಾಡಿಯ ತುದಿಯನ್ನು ಸುತ್ತಿ ಹೋಗುವಷ್ಟರಲ್ಲಿ ಅವಳು ಮುದನಾಳದ ದಾರಿ ಹಿಡಿಯುತ್ತಿದ್ದಳು. ಸಾಹೇಬರು ಪ್ರಾಮಾಣಿಕರು ಎಂದೆನಲ್ಲ, ಹಿಡಿದ ಕೆಲಸ ಬಿಡುವವರಲ್ಲ. ಎದುರಿಗಿದ್ದ ಬಾಗಿಲಿನಿಂದ ಡಬ್ಬಿ ಹತ್ತಿದರು. ಆ ಕಡೆಯ ಬಾಗಿಲಿಗೆ ಹೋಗಿ ಒಂದು ಕ್ಷಣ ನಿಂತರು. ಹಳಿಯನ್ನು ಈ ಕಡೆ ನೋಡಿದರು, ಆ ಕಡೆ ನೋಡಿದರು. ಇಳಿದರು. ನಾನೂ ಅವರ ಹಿಂದೆ ಇಳಿದೆ, ತರ್ಜುಮೆದಾರನಿಗೆ ಬೇರೆ ಗತಿಯಿಲ್ಲ. ಜಮಾದಾರನ ಹಿಂದೆ ಹೋದವರಲ್ಲಿ ಅಧಿಕಾರಿ ದರ್ಜೆಯವರು ನನಗೆ ತಿಳಿದ ಮಟ್ಟಿಗೆ ಅವರೊಬ್ಬರೇ. ಅವರ ಹುಕುಂ ಮುಂದೆ ಎಂದೂ ರದ್ದಾಗಲಿಲ್ಲ, ಎಂದೂ ಜಾರಿಯಲ್ಲೂ ಇರಲಿಲ್ಲ. ಮರುವಾರದ ಹೊತ್ತಿಗೆ ವ್ಯಾಗನ್ನುಗಳ ತಂತಿಯೆಲ್ಲ ಮಾಸ್ತರ ಮನೆಯ ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರವಾಗಿತ್ತು.

"ಕೇಳಿ ಇವಳನ್ನು" ಎಂದರು ಸಾಹೇಬರು, ನಾಕಾದ ಹತ್ತಿರ ನಿಂಗಮ್ಮನನ್ನು ತಲುಪಿ, ಏದುಸಿರು ಬಿಡುತ್ತ. "ಯಾಕೆ ಈ ಕಡೆ ಇಳಿದಳು?"

ಕೇಳಿದೆ. ನಿಂಗಮ್ಮ ನಿಂತಳು. ಸಾಹೇಬರನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಈ ಸಲ ಅವಳ ಮಾತಿನಲ್ಲಿ ಬೈಗುಳ ಇರಲಿಲ್ಲ.

"ಆ ಕಡಿ ಹತ್ತಿ ಒಳಗೇ ಉಳದದ್ದು ಯಾವದೂ ಹೊಳ್ಳಿ ಬಂದಿಲ್ಲರೀ. ಈ ಕಡಿ ಇಳದಂವ ಇಂವೊಬ್ಬನೇ ದಿನಾ ಮನಿಗಿ ಬಂದಾನ. ಈಗ ನಾನೂ ಬಂದೀನಿ. ನೀವೂ ಈ ಕಡಿನೇ ಇಳದ್ರಲ್ಲ, ಚೊಲೋ ಆತು. ಇನ್ನ ಮನಿಗಿ ಹೋಗ್ರಿ, ನಿಮ್ಮವರು ಹಾದಿ ನೋಡ್ತಿರ್ತಾರ."

"ಏನಂತಾಳೆ?" ಎಂದರು ಸಾಹೇಬರು.

ಅಭ್ಯಾಸಬಲದಿಂದ ನಾನು ಒಂದು ವಿನಯದ ವಾಕ್ಯವನ್ನು ಜೋಡಿಸತೊಡಗಿದ್ದೆ. ಅದನ್ನು ಅಲ್ಲಿಯೇ ಬಿಟ್ಟೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ, ಒಂದು ಮಾತು ಬಿಡದೆ, ಒಂದು ಮಾತು ಸೇರಿಸದೆ ಹೇಳಿದೆ.

ಸಾಹೇಬರು ಅವಳನ್ನು ನೋಡಿದರು, ಜಮಾದಾರನನ್ನು ನೋಡಿದರು, ತಾವು ಇಳಿದು ಬಂದ ಬಾಗಿಲನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸರಿಯಾಗಿ ತರ್ಜುಮೆ ಮಾಡಿದಿರಾ?"

"ಹೌದು ಸಾರ್" ಎಂದೆ. "ಇವತ್ತೇ ಮೊದಲು."